ಪ್ಲಾಸ್ಟಿಕ್ ವಿಮಾನಕ್ಕೆ ಮರದ ಮೈ ಬರುವುದು ಹೇಗೆ?

ಮಂಗಳೂರಿನ ನಮ್ಮ ಮನೆಗೆ ಬಂದವರು ಗಾಜಿನ ಕಪಾಟಿನಲ್ಲಿರುವ ಆಲ್ಬಟ್ರಾಸ್ ವಿಮಾನದ ಮಾಡೆಲ್ ನೋಡಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇದು ಮರದ್ದೇ ಅಲ್ವಾ ಮಾರಾಯ್ರೆ?” ಅಲ್ಲ, ಇಡೀ ವಿಮಾನ ಪ್ಲಾಸ್ಟಿಕ್ಕಿನದು, ಮರದಂತೆ ಕಾಣುವುದೆಲ್ಲ ಬಣ್ಣ ಎಂದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: “ಅಷ್ಟು ಕಷ್ಟ ಎಂತಕ್ಕೆ? ತೆಳು ಮರದ ಹಾಳೆಯನ್ನೇ ಅಂಟಿಸಿದರೆ ಆಗುದಿಲ್ವಾ?” ಕಿಟ್ (ಬಿಡಿ ಭಾಗಗಳನ್ನು ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾಡೆಲ್) ಕಟ್ಟುವ ಹವ್ಯಾಸವಿರುವ ಸುರತ್ಕಲ್, ಮಣಿಪಾಲದ ಕಾಲೇಜು ಹುಡುಗರು ಕೇಳುವುದು ಮೂರನೆಯದನ್ನು: ಯಾವ ಬಣ್ಣ, ಯಾವ ಬ್ರಷ್, ಯಾವುದರ ಮೇಲೆ ಯಾವುದು? ಎರಡನೆಯ ಪ್ರಶ್ನೆಯ ಉತ್ತರ ಮನಸ್ಸಿಗೆ ಹತ್ತದಿದ್ದರೆ ಮೂರನೆಯದರ ಉತ್ತರದಿಂದ ಪ್ರಯೋಜನವಿಲ್ಲವಾದ್ದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ವಿಮಾನದ ವಿಚಾರ. ಆಲ್ಬಟ್ರಾಸ್ ಡಿ-5 ಎಂಬುದು 1917ರಲ್ಲಿ ಯುದ್ಧರಂಗಕ್ಕೆ ಬಂದ ಜರ್ಮನ್ ಯುದ್ಧವಿಮಾನ. ಆ ಕಾಲದ ಹೆಚ್ಚಿನ ವಿಮಾನಗಳ ಒಡಲು ಮರದ ಚೌಕಟ್ಟಿಗೆ ತಂತಿ ಬಿಗಿದು ಬಟ್ಟೆ ಹೊದಿಸಿದ್ದಾಗಿದ್ದರೆ, ಆಲ್ಬಟ್ರಾಸ್‌ನವರು ಬರ್ಚ್ ಮರದ ತೆಳುವಾದ ಪ್ಲೈವುಡ್ ಹಾಳೆಗಳನ್ನು ಚೌಕಟ್ಟಿನ ಮೇಲೆ ಬಾಗಿಸಿ ಮೊಳೆ ಹೊಡೆದು, ಆ ಹೊದಿಕೆಯೇ ಭಾರ ಹೊರುವಂತೆ ಒಡಲನ್ನು ಕಟ್ಟಿದರು. ರೆಕ್ಕೆಗಳಿಗೆ ಮಾತ್ರ ಬಟ್ಟೆ. ಎಷ್ಟೋ ವಿಮಾನಗಳ ಒಡಲಿಗೆ ಬಣ್ಣ ಬಳಿಯದೆ ಬರೀ ವಾರ್ನಿಷ್ ಹಚ್ಚುತ್ತಿದ್ದುದರಿಂದ ಮರ ಮರವಾಗಿಯೇ ಕಾಣುತ್ತಿತ್ತು. ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ ಕಂಪನಿ 2009ರಿಂದ 2020ರಲ್ಲಿ ನಿಲ್ಲುವವರೆಗೆ ಮೊದಲ ಮಹಾಯುದ್ಧದ ವಿಮಾನಗಳನ್ನು 1/32 ಅಳತೆಯ, ಅಂದರೆ ಮೂಲದ 32ರಲ್ಲಿ ಒಂದು ಪಾಲು ಗಾತ್ರದ ಕಿಟ್‌ಗಳಾಗಿ ಹೊರತಂದದ್ದು ಈ ಹವ್ಯಾಸದವರಿಗೆ ದೊಡ್ಡ ಉಪಕಾರವಾಯಿತು. ನಿಜವಾದ ವಿಮಾನದ ರೆಕ್ಕೆಯ ಹರವು ಸುಮಾರು 9 ಮೀಟರ್, ಉದ್ದ ಸುಮಾರು 7.3 ಮೀಟರ್, 1/32ರಲ್ಲಿ ಅದು 28 ಸೆಂಟಿಮೀಟರ್ ಹರವು, 23 ಸೆಂಟಿಮೀಟರ್ ಉದ್ದವಾಗುತ್ತದೆ. ಒಡಲಿನ ಅಷ್ಟೂ ಉದ್ದ ಬರಿಯ ಮರವೇ ಕಾಣಬೇಕಾದ್ದರಿಂದ ಸಣ್ಣ ಕಿಟ್‌ನಲ್ಲಿ ಸಾಗಿಹೋಗುವ ಅಡ್ಡದಾರಿಗಳು ಇಲ್ಲಿ ಸಾಗುವುದಿಲ್ಲ.

ನಿಜವಾದ ಮರದ ಹಾಳೆ ಏಕೆ ಆಗದು ಎಂಬುದಕ್ಕೆ ಉತ್ತರ ಈ ಅಳತೆಯಲ್ಲೇ ಇದೆ. ವಿಮಾನವನ್ನು 32 ಪಾಲು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸಲು ಸಾಧ್ಯವಿಲ್ಲ. ಅಂಟಿಸಿದ ಹಾಳೆಯಲ್ಲಿ ಒಂದು ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆಗಳಿದ್ದರೆ, ನಿಜವಾದ ವಿಮಾನದಲ್ಲಿ ಅವು ಮೂರು ಸೆಂಟಿಮೀಟರಿಗೂ ಹೆಚ್ಚು ದೂರ ಇದ್ದ ಲೆಕ್ಕವಾಯಿತು. ಅಂಥ ಬರ್ಚ್ ಮರ ಭೂಮಿಯ ಮೇಲಿಲ್ಲ. ತಿರುಗಿಸಿ ಹೇಳುವುದಾದರೆ, ನಿಜವಾದ ಪ್ಲೈವುಡ್ಡಿನ ಒಂದು ಮಿಲಿಮೀಟರ್ ಅಗಲದ ಗೆರೆ ನಮ್ಮ ಮಾಡೆಲ್‌ನಲ್ಲಿ 0.03 ಮಿಲಿಮೀಟರ್ ಆಗಬೇಕು; ಅದು ತಲೆಗೂದಲಿಗಿಂತಲೂ ತೆಳು, ಯಾವ ಬ್ರಷ್ಷಿಗೂ ದಕ್ಕುವಂಥದ್ದಲ್ಲ. ಹಾಗಾದರೆ ಬರೆಯಬೇಕಾದದ್ದು ಏನನ್ನು? ಮಾಡೆಲ್ ಅನ್ನು ನಾವು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ಸುಮಾರು ಹತ್ತು ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರಕ್ಕೆ ಮರದ ಎಳೆ ಕಾಣುವುದು ಕಡಿಮೆ. ಕಾಣುವುದು ಒಂದು ಹಲಗೆಗೂ ಪಕ್ಕದ ಹಲಗೆಗೂ ಇರುವ ಬಣ್ಣದ ವ್ಯತ್ಯಾಸ, ಅವು ಕೂಡುವ ಜಾಗ, ಎಳೆ ಓಡುವ ದಿಕ್ಕಿನ ಒಂದು ಸುಳಿವು, ಮತ್ತು ವಾರ್ನಿಷ್ಷಿನ ಒಳಗಿನಿಂದ ಬರುವ ಹೊಳಪು.

ನಂಬಿಕೆ ಬಾರದವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ಅಲ್ಲಿ ಎತ್ತಿ ತಂದು ಮರುಜೋಡಿಸಿದ ಹಳೆಯ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಮೊದಲು ಅಂಗಳದಿಂದ, ಆಮೇಲೆ ಹತ್ತಿರದಿಂದ ನೋಡಬೇಕು. ಮರ ಬರೆಯಲು ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದು ಎಚ್ಚರ ಮಾತ್ರ ಬೇಕು: ನಮ್ಮ ಕಣ್ಣಿಗೆ ಮರ ಎಂದರೆ ತೇಗ, ಬೀಟೆ, ಹಲಸು. ಇವೆಲ್ಲ ಗೆರೆ ಎದ್ದು ಕಾಣುವ, ಗಾಢ ಬಣ್ಣದ ಮರಗಳು. ಬರ್ಚ್ ಹಾಗಲ್ಲ, ಅದು ಬಿಳಿಚು ಬಣ್ಣದ, ನುಣುಪಾದ, ಹೆಚ್ಚು ಗೆರೆಯಿಲ್ಲದ ಮರ. ಸ್ಪರ್ಧೆಗಳಲ್ಲಿ ಮೆಚ್ಚುಗೆ ಗಳಿಸುವ ಎಷ್ಟೋ ಆಲ್ಬಟ್ರಾಸ್‌ಗಳ ಒಡಲಿನ ತುಂಬ ಕಂದು ಪಟ್ಟೆಗಳಿರುತ್ತವೆ. ನೋಡಲು ಚೆಂದವೇ, ಆದರೆ ಅದು ಬರ್ಚ್ ಅಲ್ಲ, ಆ ಅಳತೆಯ ಯಾವ ಮರವೂ ಅಲ್ಲ.

ಇನ್ನು ಕ್ರಮ. ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬೂದು ಪ್ರೈಮರ್ ಒಣಗಿದ ಮೇಲೆ ಮೊದಲ ಬಣ್ಣ ತೀರಾ ತಿಳಿಯಾಗಿರಬೇಕು. ನಾನು ಬಳಸುವುದು ಜಪಾನಿನ ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣಗಳಲ್ಲಿ ಬಫ್ ಎಂಬ ತಿಳಿ ಹಳದಿಗಂದು, ಅಂದರೆ ಎಕ್ಸ್‌ಎಫ್-57; ಅದಕ್ಕೆ ತುಸು ಬಿಳಿ ಅಥವಾ ತುಸು ಹಳದಿ ಬೆರೆಸಿ ಮೂರು ಛಾಯೆ ಮಾಡಿಕೊಂಡು, ಹಲಗೆಯಿಂದ ಹಲಗೆಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊಡೆಯುತ್ತೇನೆ. ಪಕ್ಕಪಕ್ಕದ ಹಲಗೆಗಳ ನಡುವಿನ ವ್ಯತ್ಯಾಸ ಈ ಹಂತದಲ್ಲಿ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ, ಏಕೆಂದರೆ ಮೇಲೆ ಬರುವ ಎಣ್ಣೆ ಬಣ್ಣವೂ ವಾರ್ನಿಷ್ಷೂ ಅದರಲ್ಲಿ ಒಂದಷ್ಟನ್ನು ನುಂಗುತ್ತವೆ. ತಳದ ಬಣ್ಣವನ್ನೇ ಕಂದು ಮಾಡಿಬಿಟ್ಟರೆ ಮುಂದೆ ಏನು ಮಾಡಿದರೂ ಮರಕ್ಕೆ ಜೀವ ಬರುವುದಿಲ್ಲ. ವಾರ್ನಿಷ್ ಹಚ್ಚಿದ ನಿಜವಾದ ಮರದಲ್ಲಿ ಬೆಳಕು ಬಣ್ಣದ ಪದರದೊಳಗೆ ಇಳಿದು, ಕೆಳಗಿನ ತಿಳಿ ಮರಕ್ಕೆ ತಾಗಿ, ಮತ್ತೆ ಅದೇ ಪದರದ ಮೂಲಕ ಹೊರಬರುತ್ತದೆ. ನಾವು ಮಾಡಬೇಕಾದ್ದೂ ಇದೇ ಜೋಡಣೆ: ಅಡಿಯಲ್ಲಿ ತಿಳಿ, ನಡುವೆ ಅರೆಪಾರದರ್ಶಕ, ಮೇಲೆ ಬಣ್ಣದ ಛಾಯೆಯಿರುವ ಪಾರದರ್ಶಕ ಪದರ. ಮೊದಲ ಬಣ್ಣದ ಮೇಲೆ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ವಾರ್ನಿಷ್) ಒಂದು ಕೋಟ್ ಹೊಡೆದು ಚೆನ್ನಾಗಿ ಒಣಗಿಸಿದರೆ ಬ್ರಷ್ ಸರಾಗವಾಗಿ ಜಾರುತ್ತದೆ.

ನಡುವಿನ ಪದರ ಎಣ್ಣೆ ಬಣ್ಣದ್ದು, ಕಲಾವಿದರು ಕ್ಯಾನ್ವಾಸಿಗೆ ಬಳಸುವಂಥದ್ದೇ. ಟಮಿಯಾದಂತೆ ಇದನ್ನು ಕೊರಿಯರ್‌ನಲ್ಲಿ ತರಿಸಬೇಕಾಗಿಲ್ಲ, ಚಿತ್ರಕಲೆಯ ಸಾಮಾನು ಮಾರುವ ಊರಿನ ಅಂಗಡಿಗಳಲ್ಲೇ ಟ್ಯೂಬ್ ಸಿಗುತ್ತದೆ. ರಾ ಸಿಯೆನ್ನಾ (ಹಳದಿಗಂದು), ಬರ್ಂಟ್ ಸಿಯೆನ್ನಾ (ಕೆಂಗಂದು), ಬರ್ಂಟ್ ಅಂಬರ್ (ಗಾಢ ಕಂದು) ಮೂರಿದ್ದರೆ ಸಾಕು. ಬರ್ಚ್‌ಗೆ ರಾ ಸಿಯೆನ್ನಾ, ಅದಕ್ಕೆ ಬರ್ಂಟ್ ಸಿಯೆನ್ನಾದ ಒಂದು ಚಿಟಿಕೆ; ಅಂಬರ್ ಅನ್ನು ಪ್ರೊಪೆಲ್ಲರ್‌ಗೆ ಎತ್ತಿಡಿ. ಟ್ಯೂಬಿನಿಂದ ಹಿಂಡಿದ್ದನ್ನು ಅರ್ಧ ಗಂಟೆ ರಟ್ಟಿನ ಮೇಲೆ ಬಿಟ್ಟರೆ ಹೆಚ್ಚಿನ ಅಗಸೆ ಎಣ್ಣೆಯನ್ನು ರಟ್ಟು ಹೀರುತ್ತದೆ, ಬಣ್ಣ ಬೇಗ ಒಣಗುತ್ತದೆ. ಬ್ರಷ್ ಹಳೆಯದಾಗಿ, ಚಪ್ಪಟೆಯಾಗಿ, ಒರಟು ಕೂದಲಿನದಾಗಿರಬೇಕು. ಕೂದಲು ಅಲ್ಲಲ್ಲಿ ಬಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಒಂದು ಹಲಗೆಗೆ ಬಣ್ಣವನ್ನು ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟೇ ತೆಳುವಾಗಿ ಹರಡಿ, ಬ್ರಷ್ಷನ್ನು ಬಟ್ಟೆಗೆ ಒರೆಸಿ, ಹಲಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಡುವೆ ನಿಲ್ಲಿಸದೆ ಎಳೆಯಬೇಕು. ಎಳೆದ ಕೂಡಲೇ ಗೆರೆಗಳು ಸಾಲಾಗಿ ಮೂಡುತ್ತವೆ, ಹೊಸಬರು ಸಂತೋಷಪಟ್ಟು ಅಲ್ಲಿಗೇ ಬಿಡುತ್ತಾರೆ. ಅಲ್ಲಿಗೆ ಬಿಡಬಾರದು. ಆ ಗೆರೆಗಳು ಬ್ರಷ್ಷಿನ ಕೂದಲಿನವು, ಮರದವಲ್ಲ. ಮುಖಕ್ಕೆ ಪೌಡರ್ ಹಚ್ಚುವಂಥ ಮೆತ್ತನೆಯ ಒಣ ಬ್ರಷ್ಷನ್ನು ಅದೇ ದಿಕ್ಕಿನಲ್ಲಿ, ತಾಗಿಯೂ ತಾಗದಂತೆ ಆಡಿಸುತ್ತಾ ಬಂದರೆ ಒಂದು ಗೆರೆ ಪಕ್ಕದ ಗೆರೆಯೊಳಗೆ ಕರಗುತ್ತದೆ, ಇನ್ನೊಂದು ನಡುವೆಯೇ ಮಾಯವಾಗುತ್ತದೆ, ಅಲ್ಲಲ್ಲಿ ತಳದ ತಿಳಿ ಬಣ್ಣ ಇಣುಕುತ್ತದೆ. ಕಣ್ಣು ಕಿರಿದು ಮಾಡಿ ನೋಡಿದಾಗ ಗೆರೆಗಿಂತ ಮೊದಲು ಹಲಗೆ ಕಾಣಿಸಿತೆಂದರೆ ಸಾಕು. ಮನಸ್ಸಿಗೆ ಬಾರದಿದ್ದರೆ ಟರ್ಪಂಟೈನ್ ತಾಗಿಸಿದ ಬಟ್ಟೆಯಿಂದ ಪೂರ್ತಿ ಒರೆಸಿ ಮತ್ತೆ ಶುರು ಮಾಡಬಹುದು. ಒಣಗಿದ ಅಕ್ರಿಲಿಕ್ ಟರ್ಪಂಟೈನಿಗೆ ಕರಗುವುದಿಲ್ಲ. ತಳಕ್ಕೆ ಎನಾಮಲ್ ಬಳಿದವರಿಗೆ ಈ ಅನುಕೂಲ ಇರುವುದಿಲ್ಲ, ಎಲ್ಲವೂ ಒಟ್ಟಿಗೆ ಎದ್ದು ಬರುತ್ತದೆ.

ಪಕ್ಕದ ಹಲಗೆಗೆ ಕೈ ಹಾಕುವ ಮೊದಲು ಇದು ಒಣಗಬೇಕು, ಕರಾವಳಿಯವರ ನಿಜವಾದ ತೊಂದರೆ ಇರುವುದು ಇಲ್ಲಿ. ಎಣ್ಣೆ ಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ತೇವ ಹೆಚ್ಚಿದ್ದರೆ ಅದು ನಿಧಾನ. ಒಣ ಊರಿನವರು ಎರಡು ಮೂರು ದಿನ ಎಂದು ಬರೆದಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಂಗಳೂರಿನಲ್ಲಿ ವಾರಕ್ಕೂ ಮೇಲೆ ಎಂದು ಓದಿಕೊಳ್ಳಬೇಕು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಗೆಯ ಬಲ್ಬನ್ನು ದೂರದಲ್ಲಿ ಉರಿಸಿಟ್ಟರೆ ಅನುಕೂಲ, ಆದರೆ ಕೈಗೆ ಹಿತವೆನಿಸುವ ಬಿಸಿಗಿಂತ ಹೆಚ್ಚಾಗಬಾರದು. ಕಿಟ್‌ನ ಪ್ಲಾಸ್ಟಿಕ್ ಶಾಖಕ್ಕೆ ಬಾಗುತ್ತದೆ. ಒಣಗಿದೆಯೇ ಎಂದು ಮಾಡೆಲ್ ಮುಟ್ಟಿ ನೋಡಬೇಡಿ. ಅದೇ ಹೊತ್ತಿಗೆ ಅದೇ ಬಣ್ಣ ಬಳಿದ ಒಂದು ಪ್ಲಾಸ್ಟಿಕ್ ಚಮಚ ಪಕ್ಕದಲ್ಲಿರಲಿ, ಮುಟ್ಟುವುದಾದರೆ ಅದನ್ನು. ಮಳೆಗಾಲದಲ್ಲಿ ಲ್ಯಾಕರ್ ಕ್ಲಿಯರ್ ಹೊಡೆಯುವುದು ಇನ್ನೂ ಅಪಾಯ: ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಕೂತು ವಾರ್ನಿಷ್ ಹಾಲುಬಿಳಿ ಬಣ್ಣಕ್ಕೆ ತಿರುಗುತ್ತದೆ. ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಸೇರಿದ ಥಿನ್ನರ್‌ನಿಂದ ಸ್ವಲ್ಪ ಮಟ್ಟಿಗೆ ತಡೆಯಬಹುದು. ನನ್ನ ಪದ್ಧತಿ ಬೇರೆ: ಮಳೆಗಾಲಕ್ಕೆ ಎಂಜಿನ್, ಸೀಟು, ಬಂದೂಕು, ಮರದ ಕೆಲಸ ಡಿಸೆಂಬರ್ ನಂತರ.

ಮೇಲಿನ ಪದರಕ್ಕೆ ಟಮಿಯಾದ ಕ್ಲಿಯರ್ ಎಕ್ಸ್-22ಕ್ಕೆ ಕ್ಲಿಯರ್ ಯೆಲ್ಲೋ ಎಕ್ಸ್-24 ಮತ್ತು ಕ್ಲಿಯರ್ ಆರೆಂಜ್ ಎಕ್ಸ್-26 ಹನಿಹನಿಯಾಗಿ ಬೆರೆಸಿ, ತೀರಾ ತೆಳುವಾಗಿ ಹಲವು ಸಲ ಹೊಡೆಯುವುದು. ಹೊಸ ವಿಮಾನವಾದರೆ ಹಳದಿಯ ಕಡೆಗೆ, ಬಿಸಿಲು ಮಳೆ ಕಂಡದ್ದಾದರೆ ಕಿತ್ತಳೆಯ ಕಡೆಗೆ. ಹೊಸದಾಗಿ ಸೀಳಿದಾಗ ಹಳದಿಯಾಗಿರುವ ಹಲಸಿನ ಹಲಗೆ ವರ್ಷಗಳು ಕಳೆದಂತೆ ಕೆಂಗಂದಾಗುವುದನ್ನು ಕಂಡವರಿಗೆ ಈ ನಡಿಗೆಯ ಅಂದಾಜು ಬೇಗ ಸಿಗುತ್ತದೆ. ಇಲ್ಲಿಯವರೆಗೆ ಬೇರೆಬೇರೆಯಾಗಿ ಕಾಣುತ್ತಿದ್ದ ಹಲಗೆಗಳು ಒಂದೇ ಒಡಲಾಗುವುದು ಈ ಹಂತದಲ್ಲಿ. ಕಿಟ್‌ನಲ್ಲಿ ಕೊರೆದ ಮೊಳೆ ಗುರುತುಗಳಿಗೆ ಕಪ್ಪು ತುಂಬುವ ಆಸೆಯಾದರೆ ತಡೆದುಕೊಳ್ಳಿ. ಹತ್ತು ಮೀಟರ್ ದೂರದ ಲೆಕ್ಕ ಅವುಗಳಿಗೂ ಅನ್ವಯಿಸುತ್ತದೆ.

ಪ್ರೊಪೆಲ್ಲರ್ ಕತೆ ಬೇರೆ. ಅಲ್ಲಿ ಗೆರೆ ಕಾಣಲೇಬೇಕು, ಏಕೆಂದರೆ ಅದು ಮರದ ಎಳೆಯಲ್ಲ, ಅಂಟಿಸಿದ ಹಲಗೆಗಳ ಅಂಚು. ತಿಳಿ ಮರ, ವಾಲ್ನಟ್‌ನಂಥ ಗಾಢ ಮರಗಳ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಆ ದಿಮ್ಮಿಯನ್ನು ತಿರುಚಿದ ಆಕಾರಕ್ಕೆ ಕೆತ್ತುತ್ತಿದ್ದರು. ಹಾಗೆ ಕೆತ್ತಿದಾಗ ಅಂಟಿನ ಸಾಲುಗಳು ಮೇಲ್ಮೈಗೆ ಬಂದು ಬಾಗಿದ ಪಟ್ಟೆಗಳಾಗಿ ಕಾಣುತ್ತವೆ. ಆಲ್ಬಟ್ರಾಸ್‌ಗಳಿಗೆ ಇಂಥ ಪ್ರೊಪೆಲ್ಲರ್ ಮಾಡುತ್ತಿದ್ದವರಲ್ಲಿ ಗರುಡ ಎಂಬ ಹೆಸರಿನ ಜರ್ಮನ್ ಕಂಪನಿಯೂ ಇತ್ತು ಎಂಬುದನ್ನು ಉಡುಪಿಯ ನೆಂಟರಿಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಇಡೀ ಪ್ರೊಪೆಲ್ಲರ್‌ಗೆ ತಿಳಿ ಬಣ್ಣ ಹೊಡೆದು, ಒಂದು ಮಿಲಿಮೀಟರಿನ ಬಾಗುವ ಟೇಪನ್ನು ನಡುಭಾಗದ ಹಬ್‌ನಿಂದ ತುದಿಯ ಕಡೆಗೆ ಅಂಟಿಸಿ, ನಡುವಿನ ಜಾಗಕ್ಕೆ ಕೆಂಗಂದು ಹೊಡೆಯಬೇಕು. ಪಟ್ಟೆ ಹೇಗೆ ಬಾಗಬೇಕೆಂದು ಊಹೆಯಿಂದ ನಿರ್ಧರಿಸಬೇಡಿ: ಅಂಟಿನ ಪದರಗಳು ದಿಮ್ಮಿಯಲ್ಲಿ ಸಮತಟ್ಟಾಗಿ, ಒಂದಕ್ಕೊಂದು ಸಮಾನಾಂತರವಾಗಿದ್ದವು. ಪ್ರೊಪೆಲ್ಲರ್ ಅನ್ನು ಮೇಜಿನ ಮೇಲೆ ಮಲಗಿಸಿ, ಒಂದೇ ಎತ್ತರಕ್ಕೆ ಹಿಡಿದ ಪೆನ್ಸಿಲ್ಲನ್ನು ಸುತ್ತ ತಾಗಿಸುತ್ತಾ ಬಂದರೆ ಪಟ್ಟೆಯ ದಾರಿ ತಾನಾಗಿ ಮೂಡುತ್ತದೆ. ಹಿಂಬದಿಯ ಪಟ್ಟೆಗಳು ಅಂಚಿನಲ್ಲಿ ಮುಂಬದಿಯ ಪಟ್ಟೆಗಳಿಗೆ ಕೂಡಲೇಬೇಕು. ಆಮೇಲೆ ಎರಡರ ಮೇಲೂ ಒಟ್ಟಿಗೆ ಅಂಬರ್ ಬಣ್ಣ, ಅದರ ಮೇಲೆ ವಾರ್ನಿಷ್.

ಮರದ ಗೆರೆ ಅಚ್ಚಾದ ಡೆಕಾಲ್‌ಗಳೂ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಗಳು) ಮಾರುಕಟ್ಟೆಯಲ್ಲಿವೆ, ಕೆಲವು ಬಹಳ ಚೆನ್ನಾಗಿವೆ. ಸಮತಟ್ಟಾದ ಜಾಗಕ್ಕೆ ಅವು ಸರಿ. ಆಲ್ಬಟ್ರಾಸ್ ಡಿ-5ರ ಒಡಲು ಎಲ್ಲ ಕಡೆಯಿಂದಲೂ ದುಂಡಾಗಿ ಮೂಗಿನ ಕಡೆಗೆ ಕಿರಿದಾಗುವುದರಿಂದ ಅಲ್ಲಿ ಅವುಗಳನ್ನು ಮಡಿಕೆ ಬೀಳದಂತೆ ಕೂರಿಸಲು ಬೇಕಾಗುವ ತಾಳ್ಮೆಯಲ್ಲಿ ಎರಡು ಸಲ ಬಣ್ಣ ಹಚ್ಚಿ ಒರೆಸಬಹುದು. ಕಾಕ್‌ಪಿಟ್‌ನ ಒಳಗಿನ ಮರಕ್ಕೆ ಇಷ್ಟೆಲ್ಲ ಬೇಡ, ನೆರಳಿನಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ.

ಮೊದಲ ಬಾರಿಗೆ ಮಾಡುವವರು ಒಡಲಿಗೆ ಕೈ ಹಾಕಬೇಡಿ. ಆರು ಪ್ಲಾಸ್ಟಿಕ್ ಚಮಚಗಳಿಗೆ ಒಂದೇ ತಿಳಿ ಬಣ್ಣ ಹೊಡೆದು, ಒಂದೊಂದಕ್ಕೂ ಎಣ್ಣೆ ಬಣ್ಣದ ಪ್ರಮಾಣ ಬದಲಿಸಿ, ಒಣಗಿದ ಮೇಲೆ ಪ್ರತಿ ಚಮಚದ ಅರ್ಧಕ್ಕೆ ಮಾತ್ರ ಬಣ್ಣದ ವಾರ್ನಿಷ್ ಹೊಡೆಯಿರಿ. ಹಿಡಿಯ ಮೇಲೆ ಪಾಕ ಬರೆದಿಡಿ. ಅವುಗಳಲ್ಲಿ ತೀರಾ ಸಪ್ಪೆ ಎನಿಸಿದ್ದರ ಪಕ್ಕದ್ದನ್ನು ಒಡಲಿಗೆ ಆರಿಸಿಕೊಳ್ಳಿ. ಎಲ್ಲರಿಗೂ ತೋರಿಸಬೇಕೆನಿಸಿದ್ದನ್ನು ಪ್ರೊಪೆಲ್ಲರ್‌ಗೆ ಇಟ್ಟುಕೊಳ್ಳಿ.