ಮಹಾಸಭೆಯ ವರದಿ ಟೈಪ್ ಮಾಡುವ ದಿನ

ಸೆಪ್ಟೆಂಬರ್ ಹಿಡಿಯಿತೆಂದರೆ ಊರೂರಿನ ಸಹಕಾರ ಸಂಘಗಳಲ್ಲಿ ವಾರ್ಷಿಕ ಮಹಾಸಭೆಯ ಗಡಿಬಿಡಿ. ಕಾರ್ಯದರ್ಶಿ ಬೆಳಿಗ್ಗೆ ಕೈಬರಹದ ಹಾಳೆಗಳ ಕಟ್ಟು ತಂದು ಮೇಜಿನ ಮೇಲಿಟ್ಟು, ಸಂಜೆಗೆ ಪ್ರೆಸ್ಸಿಗೆ ಹೋಗಬೇಕು ಎನ್ನುತ್ತಾರೆ. ಕೇಳಿದ ತಕ್ಷಣ ಕೀಬೋರ್ಡಿಗೆ ಕೈಹಾಕುವುದು ಸಹಜ. ಆದರೆ ಇಂಥ ದಿನ ಸಮಯ ಉಳಿಯುವುದು ಬೆರಳಿನ ವೇಗದಿಂದಲ್ಲ, ಮೊದಲ ಅರ್ಧ ಗಂಟೆ ಏನೂ ಟೈಪ್ ಮಾಡದೆ ಹಾಳೆಗಳನ್ನು ಓದುವುದರಿಂದ.

ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಐದಾರು ಸಲಕ್ಕಿಂತ ಹೆಚ್ಚು ಬರುವ ಉದ್ದನೆಯ ಪದಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಮಹಾಸಭೆಯ ವರದಿಯಲ್ಲಿ ಇವು ಹೆಚ್ಚುಕಡಿಮೆ ಗೊತ್ತಿದ್ದವೇ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಆಡಳಿತ ಮಂಡಳಿ, ನಿರ್ದೇಶಕರು, ಲೆಕ್ಕಪರಿಶೋಧಕರು, ಷೇರು ಬಂಡವಾಳ, ಸುಸ್ತಿ ಸಾಲ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂದು ಹೊಡೆಯಲು, ನಡುವಿನ ಸ್ಪೇಸ್ ಸೇರಿ 30 ಸಲ ಕೀ ಒತ್ತಬೇಕು. ಶಿಫ್ಟ್ ಬೇರೆ. ಇದೇ ಹೆಸರು ವರದಿಯಲ್ಲಿ ನಲವತ್ತು ಕಡೆ ಬಂದರೆ 1,200 ಒತ್ತು. ಸಂಕ್ಷೇಪ ಮಾಡಿಕೊಂಡರೆ ಒಂದೊಂದು ಸಲದ 30ನ್ನು ಮೂರು ಒತ್ತಿಗೆ ಇಳಿಸಬಹುದು.

ವಿನ್ಯಾಸದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗೋಣ. ಇಂಗ್ಲಿಷ್ ಕಾಗುಣಿತದಲ್ಲಿ ಕನ್ನಡ ಹೊಡೆಯುವವರು ‘ಕನ್ನಡ’ ಎನ್ನಲು ಏಳು ಕೀ ಒತ್ತುತ್ತಾರೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಐದು ಸಾಕು, ಏಕೆಂದರೆ ವ್ಯಂಜನದಲ್ಲಿ ‘ಅ’ ಸೇರಿಕೊಂಡೇ ಇರುತ್ತದೆ, ಒತ್ತಕ್ಷರ ಬೇಕಾದಾಗ ಮಾತ್ರ ನಡುವೆ ‘ಎಫ್’ ಒತ್ತಬೇಕು. ‘ಕರ್ನಾಟಕ’ಕ್ಕೆ ಒಂಬತ್ತರ ಬದಲು ಏಳು. ದಿನವಿಡೀ ಟೈಪ್ ಮಾಡುವವರಿಗೆ ಈ ವ್ಯತ್ಯಾಸ ದೊಡ್ಡದು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕಲಿತವರು ಅದನ್ನು ಬಿಡಬೇಕಾಗಿಲ್ಲ, ಅದೂ ವೇಗದ್ದೇ. ಆದರೆ ಎರಡನ್ನೂ ಅರ್ಧರ್ಧ ಕಲಿತರೆ ಬೆರಳುಗಳು ಗೊಂದಲಕ್ಕೆ ಬೀಳುತ್ತವೆ.

ಈಗ ಸಂಕ್ಷೇಪಗಳ ವಿಷಯ. ವರ್ಡ್‌ನಲ್ಲಿ ಎಲ್ಲರಿಗೂ ಗೊತ್ತಿರುವುದು ಆಟೋ ಕರೆಕ್ಟ್. ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂದು ಹೋಗಿ ಚಿಕ್ಕ ರೂಪ ಮತ್ತು ಪೂರ್ಣ ರೂಪ ಕೊಟ್ಟರೆ ಆಯಿತು. ಇಂಗ್ಲಿಷಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಎರಡು ಕಡೆ ಎಡವುತ್ತದೆ. ಮೊದಲನೆಯದು, ಈ ಪಟ್ಟಿ ಭಾಷೆಭಾಷೆಗೆ ಬೇರೆ. ಕಿಟಕಿಯ ತಲೆಯ ಮೇಲೆ ಯಾವ ಭಾಷೆಯ ಹೆಸರಿದೆಯೋ ಆ ಪಟ್ಟಿಗೆ ಮಾತ್ರ ನಿಮ್ಮ ನಮೂದು ಸೇರುತ್ತದೆ. ಅಲ್ಲಿ ಇಂಗ್ಲಿಷ್ ಇದ್ದು, ನೀವು ಟೈಪ್ ಮಾಡುವ ಪಠ್ಯವನ್ನು ವರ್ಡ್ ಕನ್ನಡವೆಂದು ಗುರುತಿಸಿದ್ದರೆ ಏನೂ ಬದಲಾಗುವುದಿಲ್ಲ. ಎರಡನೆಯದೇ ನಿಜವಾದ ತೊಡಕು: ಆಟೋ ಕರೆಕ್ಟ್ ಕೆಲಸ ಮಾಡುವುದು ಸ್ಪೇಸ್ ಅಥವಾ ಚುಕ್ಕಿ ಒತ್ತಿದ ಮೇಲೆ. ಕನ್ನಡದಲ್ಲಿ ಪದ ಅಲ್ಲಿಗೆ ಮುಗಿಯುವುದೇ ಅಪರೂಪ. ಸಂಘದ, ಸಂಘಕ್ಕೆ, ಸಂಘದಲ್ಲಿ, ಸಂಘವು ಎಂದು ವಿಭಕ್ತಿ ಅಂಟಿಕೊಂಡೇ ಬರಬೇಕು. ಪ್ರತಿಸಲ ಹಿಂದೆ ಹೋಗಿ ಸ್ಪೇಸ್ ಅಳಿಸುತ್ತ ಕೂತರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಇದಕ್ಕೆ ವರ್ಡ್‌ನಲ್ಲಿ ಸರಿಹೊಂದುವುದು ಆಟೋ ಟೆಕ್ಸ್ಟ್. ಪೂರ್ಣ ಪದವನ್ನು ಒಮ್ಮೆ ಹೊಡೆದು, ಆಯ್ಕೆ ಮಾಡಿ, ಆಲ್ಟ್ ಜೊತೆ ಎಫ್ 3 ಒತ್ತಿ. ತೆರೆಯುವ ಕಿಟಕಿಯಲ್ಲಿ ಚಿಕ್ಕ ಹೆಸರು ಕೊಡಿ. ಗ್ಯಾಲರಿ ಎಂಬಲ್ಲಿ ಆಟೋ ಟೆಕ್ಸ್ಟ್, ಉಳಿಸುವ ಜಾಗದಲ್ಲಿ ನಾರ್ಮಲ್ ಎಂದಿರಲಿ. ಆಮೇಲೆ ಚಿಕ್ಕ ಹೆಸರು ಹೊಡೆದು ಎಫ್ 3 ಒತ್ತಿದರೆ ಪದ ಬಿಚ್ಚಿಕೊಳ್ಳುತ್ತದೆ, ಹಿಂದೆ ಸ್ಪೇಸ್ ಬರುವುದಿಲ್ಲ. ಕರ್ಸರ್ ‘ಸಂಘ’ದ ಬೆನ್ನಿಗೇ ನಿಂತಿರುತ್ತದೆ, ‘ಕ್ಕೆ’ ಹೊಡೆದರೆ ‘ಸಂಘಕ್ಕೆ’. ಸಂಜೆ ವರ್ಡ್ ಮುಚ್ಚುವಾಗ ಬದಲಾವಣೆಗಳನ್ನು ಉಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಬೇಡಿ, ಮಾಡಿಕೊಂಡ ಪಟ್ಟಿಯೆಲ್ಲ ಹೋಗುತ್ತದೆ.

ಪದವನ್ನು ಎಲ್ಲಿ ಕತ್ತರಿಸಿ ಇಟ್ಟುಕೊಳ್ಳಬೇಕು ಎಂಬುದರಲ್ಲಿ ಒಂದು ಲೆಕ್ಕವಿದೆ. ‘ನಿರ್ದೇಶಕರು’ ಎಂದು ಇಟ್ಟುಕೊಂಡರೆ ‘ನಿರ್ದೇಶಕರಿಗೆ’ ಬೇಕಾದಾಗ ಕೊನೆಯ ಕೊಂಬು ಅಳಿಸಬೇಕು. ಸರಿ, ‘ನಿರ್ದೇಶಕರ’ ಎಂದು ಇಟ್ಟುಕೊಳ್ಳೋಣ ಎಂದರೆ, ಮುಂದೆ ‘ಇ’ ಒತ್ತಿದಾಗ ಗುಡಿಸು ಬರುವ ಬದಲು ‘ನಿರ್ದೇಶಕರಇ’ ಎಂದು ಬಿಡಿ ಸ್ವರ ಬರಬಹುದು. ಟೈಪಿಂಗ್ ತಂತ್ರಾಂಶಕ್ಕೆ ಹಿಂದಿನ ‘ರ’ ನಿಮ್ಮ ಬೆರಳಿನಿಂದ ಬಂದದ್ದಲ್ಲ, ಹಾಗಾಗಿ ಅದಕ್ಕೆ ಸ್ವರ ಸೇರಿಸಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ. ಸ್ವರಚಿಹ್ನೆಗೆ ಬೇರೆ ಕೀ ಇರುವ ಇನ್‌ಸ್ಕ್ರಿಪ್ಟ್‌ನಲ್ಲಿ ಈ ತೊಂದರೆ ಇಲ್ಲ. ಉಳಿದವರು ಇನ್ನೊಂದು ಅಕ್ಷರ ಹಿಂದಕ್ಕೆ ಕತ್ತರಿಸಬೇಕು. ‘ನಿರ್ದೇಶಕ’ ಎಂದಿಷ್ಟೇ ಇಟ್ಟುಕೊಳ್ಳಿ. ರು, ರಿಗೆ, ರನ್ನು ಎಂದು ಕೈಯಿಂದ ಹೊಡೆಯಿರಿ. ‘ಪರಿಷತ್ತು’ ಆದರೆ ‘ಪರಿಷ’ದವರೆಗೆ, ‘ಬ್ಯಾಂಕು’ ಆದರೆ ‘ಬ್ಯಾಂ’ವರೆಗೆ. ಮುಂದೆ ಹೊಡೆಯುವುದು ವ್ಯಂಜನದಿಂದಲೇ ಶುರುವಾಗಬೇಕು, ಅಷ್ಟೇ ಸೂತ್ರ.

ವರ್ಡ್ ಬದಲು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಬಳಸುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಅದರ ಆಟೋ ಕರೆಕ್ಟ್‌ನಲ್ಲಿ ಚಿಕ್ಕ ರೂಪದ ಕೊನೆಗೆ ‘.*’ ಹಾಕಿದರೆ, ಅದರ ಹಿಂದೆ ಅಂಟಿಕೊಂಡು ಬಂದದ್ದನ್ನು ಹಾಗೇ ಉಳಿಸಿಕೊಂಡು ಮುಂದಿನ ಭಾಗವನ್ನು ಮಾತ್ರ ಬದಲಿಸುತ್ತದೆ. ‘ವಿವಿ.*’ ಎಂಬುದಕ್ಕೆ ‘ವಿಶ್ವವಿದ್ಯಾಲಯ’ ಎಂದು ಕೊಟ್ಟರೆ, ‘ವಿವಿದಲ್ಲಿ’ ಎಂದು ಹೊಡೆದಾಗ ‘ವಿಶ್ವವಿದ್ಯಾಲಯದಲ್ಲಿ’ ಆಗುತ್ತದೆ. ವಿಭಕ್ತಿಯ ಸಮಸ್ಯೆಯೇ ಮುಗಿಯಿತು. ಆದರೆ ಇದೇ ನಮೂದು ‘ವಿವಿಧ’ ಎಂಬ ಪದವನ್ನು ‘ವಿಶ್ವವಿದ್ಯಾಲಯಧ’ ಮಾಡಿಬಿಡುತ್ತದೆ! ಆದ್ದರಿಂದ ಕನ್ನಡದ ಯಾವ ಪದವೂ ಶುರುವಾಗದ ಅಕ್ಷರದಿಂದ ಸಂಕ್ಷೇಪ ಶುರುವಾಗಬೇಕು. ಅಂಥದ್ದು ನಮ್ಮಲ್ಲಿ ಇದೆ, ‘ಳ’. ಳಕಾರದಿಂದ ಆರಂಭವಾಗುವ ಪದ ಕನ್ನಡದಲ್ಲಿಲ್ಲ. ಳಪ ಎಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಳಮ ಎಂದರೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಳನ ಎಂದರೆ ನಿರ್ದೇಶಕ, ಳಲ ಎಂದರೆ ಲೆಕ್ಕಪರಿಶೋಧಕ. ಳಪ ಇರುವಾಗ ಳಪಸ ಎಂಬ ಇನ್ನೊಂದನ್ನು ಮಾಡಬೇಡಿ, ಒಂದು ಇನ್ನೊಂದನ್ನು ನುಂಗುತ್ತದೆ. ಭಾಷೆಯ ಪೆಟ್ಟಿಗೆಯಲ್ಲಿ ‘ಎಲ್ಲ’ ಎಂಬುದನ್ನೇ ಆರಿಸಿ. ವರ್ಡ್‌ನ ಆಟೋ ಟೆಕ್ಸ್ಟ್‌ಗೂ ಇದೇ ಹೆಸರುಗಳು ಸಾಕು. ದಿನಕ್ಕೆ ಹದಿನೈದು ಇಪ್ಪತ್ತಕ್ಕಿಂತ ಹೆಚ್ಚು ಸಂಕ್ಷೇಪ ಬೇಡ. ನೆನಪಿಸಿಕೊಳ್ಳಲು ಕೈ ನಿಲ್ಲಿಸಬೇಕಾದರೆ ಪೂರ್ತಿ ಹೊಡೆಯುವುದೇ ಬೇಗ.

‘ಆರ್‌ಟಿಸಿ’ಯಂಥ ಪದಗಳನ್ನೂ ಇದೇ ಪಟ್ಟಿಗೆ ಸೇರಿಸಿ. ಸುಮ್ಮನೆ ಹೊಡೆದರೆ ಅರ್ಕಾವತ್ತು ಬಂದು ‘ಆರ್ಟಿಸಿ’ ಆಗುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ವರ್ಡ್‌ನಲ್ಲಿ ‘ಆರ್’ ಹೊಡೆದು, ಇಂಗ್ಲಿಷಿಗೆ ಬದಲಿಸಿ, ಎರಡು ಸೊನ್ನೆ ಸೊನ್ನೆ ಸಿ (200ಸಿ) ಎಂದು ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಅಂಕಿಗಳು ಮಾಯವಾಗಿ ಆ ಚಿಹ್ನೆ ಕೂರುತ್ತದೆ. ಮತ್ತೆ ಕನ್ನಡಕ್ಕೆ ಬಂದು ‘ಟಿಸಿ’. ಒಮ್ಮೆ ಮಾಡಿ ಉಳಿಸಿಕೊಂಡರೆ ದಿನವಿಡೀ ನೆಮ್ಮದಿ.

ಇನ್ನು ಟೈಪಿಂಗ್. ಹಾಳೆ ಮೇಜಿನ ಮೇಲೆ ಮಲಗಿದ್ದರೆ ಕತ್ತು ಪ್ರತಿ ಸಾಲಿಗೂ ಏರಿಳಿಯಬೇಕು, ಓದುತ್ತಿದ್ದ ಸಾಲೂ ತಪ್ಪುತ್ತದೆ. ಪರದೆಯ ಪಕ್ಕಕ್ಕೆ, ಅದೇ ಎತ್ತರಕ್ಕೆ ಹಾಳೆ ನಿಲ್ಲಿಸಿ. ಒಂದು ಪ್ಯಾಡು, ಒಂದು ಕ್ಲಿಪ್ಪು ಸಾಕು. ತಪ್ಪು ತಿದ್ದುವಾಗ ಬ್ಯಾಕ್‌ಸ್ಪೇಸ್ ಮತ್ತು ಡಿಲೀಟ್ ಕನ್ನಡದಲ್ಲಿ ಒಂದೇ ರೀತಿ ಅಳಿಸುವುದಿಲ್ಲ ಎಂಬುದು ಗೊತ್ತಿರಬೇಕು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ತುಂಡು: ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು. ವರ್ಡ್‌ನಲ್ಲಿ ಬ್ಯಾಕ್‌ಸ್ಪೇಸ್ ಹಿಂದಿನಿಂದ ಒಂದೊಂದೇ ತುಂಡು ತೆಗೆಯುತ್ತದೆ, ಡಿಲೀಟ್ ಮುಂದಿನಿಂದ ಇಡೀ ಅಕ್ಷರವನ್ನು ಒಂದೇ ಸಲಕ್ಕೆ ತೆಗೆಯುತ್ತದೆ. ದೀರ್ಘ ಮಾತ್ರ ತಪ್ಪಿದ್ದರೆ ಬ್ಯಾಕ್‌ಸ್ಪೇಸ್, ಅಕ್ಷರವೇ ತಪ್ಪಿದ್ದರೆ ಡಿಲೀಟ್, ಪದವೇ ತಪ್ಪಿದ್ದರೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಪೇಸ್.

ಕೋಷ್ಟಕಗಳ ಅಂಕಿಗಳನ್ನು ಕೈಯಿಂದ ಹೊಡೆಯಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕಪರಿಶೋಧಕರ ಬಳಿ ಎಕ್ಸೆಲ್ ಕಡತ ಇದ್ದೇ ಇರುತ್ತದೆ, ಕೇಳಿ ತರಿಸಿಕೊಳ್ಳಿ. ಠೇವಣಿಯ ಮೊತ್ತದಲ್ಲಿ ಒಂದು ಅಂಕಿ ಆಚೀಚೆಯಾದರೆ ಮಹಾಸಭೆಯಲ್ಲಿ ಉತ್ತರ ಹೇಳಬೇಕಾದವರು ಕಾರ್ಯದರ್ಶಿ. ಅಲ್ಪವಿರಾಮ ಲಕ್ಷದ ಲೆಕ್ಕದಲ್ಲಿ ಬೀಳದಿದ್ದರೆ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿ ಇಂಡಿಯಾ ಆರಿಸಿ.

ಅಧ್ಯಕ್ಷರ ಭಾಷಣದಂಥ ನೇರ ಗದ್ಯಕ್ಕೆ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ನೆರವಾಗುತ್ತದೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ, ಭಾಷೆ ಕನ್ನಡ ಮಾಡಿ, ಹಾಳೆ ಓದುತ್ತ ಹೋಗಿ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಆಮೇಲೆ ಕೈಯಿಂದ ಹಾಕಬೇಕು. ಊರು, ಮನುಷ್ಯರ ಹೆಸರು ತುಂಬಿದ ಪುಟಗಳಿಗೆ ಇದು ಬೇಡ, ತಿದ್ದುವ ಕೆಲಸ ಟೈಪಿಂಗ್‌ಗಿಂತ ಹೆಚ್ಚಾಗುತ್ತದೆ.

ಕಳೆದ ವರ್ಷದ ವರದಿಯಿಂದ ಒಂದಷ್ಟು ಎತ್ತಿಕೊಳ್ಳಬಹುದೆಂದು ಕಡತ ತೆರೆದರೆ ಅದು ಹಳೆಯ ನುಡಿ ಫಾಂಟ್‌ನಲ್ಲಿರುವುದುಂಟು. ಅದನ್ನು ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಈಗಿನ ವ್ಯವಸ್ಥೆಗೆ, ಪರಿವರ್ತಿಸುವ ಸಾಧನಗಳಿವೆ. ಆದರೆ ಹಳೆಯ ಫಾಂಟ್‌ನಲ್ಲಿ ಕನ್ನಡ ಕೂಡ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕೂತಿರುವುದರಿಂದ, ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಇಡೀ ಕಡತ ಬೇಡ, ಬೇಕಾದ ಕನ್ನಡ ಪ್ಯಾರಾಗಳನ್ನಷ್ಟೇ ಪರಿವರ್ತಿಸಿ, ಅರ್ಕಾವತ್ತು ಮತ್ತು ದೀರ್ಘಗಳ ಮೇಲೆ ಕಣ್ಣಿಟ್ಟು ಒಮ್ಮೆ ಓದಿ.

ಕರೆಂಟು ಹೋಗುವ ಊರಾದರೆ ವರ್ಡ್‌ನ ಸೇವ್ ಆಯ್ಕೆಗಳಲ್ಲಿ, ತಾನಾಗಿ ಉಳಿಸಿಕೊಳ್ಳುವ ಅವಧಿ ಹತ್ತು ನಿಮಿಷ ಎಂದಿರುವುದನ್ನು ಎರಡಕ್ಕೆ ಇಳಿಸಿ. ಪ್ರೆಸ್ಸಿನವರು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರೇ ಎಂದು ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ. ಅದರಲ್ಲಿ ಯೂನಿಕೋಡ್ ಕನ್ನಡ ಮೂಡುವುದಿಲ್ಲ. ಹಾಗಿದ್ದರೆ ಪುಟವನ್ನು ನೀವೇ ಅಳತೆಗೆ ಸರಿಯಾಗಿ ಕಟ್ಟಿ ಪಿಡಿಎಫ್ ಕೊಡಬೇಕಾಗುತ್ತದೆ, ಅದಕ್ಕೆ ಸಂಜೆ ಒಂದು ಗಂಟೆ ತೆಗೆದಿಡಿ. ಕೊನೆಗೆ ಳಕಾರದ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ: ವರ್ಡ್ ಆದರೆ ಟೆಂಪ್ಲೇಟ್ಸ್ ಫೋಲ್ಡರ್‌ನಲ್ಲಿರುವ ನಾರ್ಮಲ್ ಕಡತ, ಲಿಬ್ರೆ ಆಫೀಸ್ ಆದರೆ ಬಳಕೆದಾರರ ಪ್ರೊಫೈಲ್‌ನೊಳಗಿನ ಆಟೋಕರ್ ಫೋಲ್ಡರ್. ಪಕ್ಕದ ಊರಿನ ಸಂಘದ ವರದಿಗೂ ಅದೇ ಪದಗಳು ಬೇಕಾಗುತ್ತವೆ.