ಖಜಾನೆಯಿಂದ ಬಂದ ಕಲಶ

ಹುಣಸೂರು ದಾಟುವ ಹೊತ್ತಿಗೆ ಐದು ಕೊಲೆಗಳಾಗಿದ್ದವು. ಎರಡಕ್ಕೆ ನಾನು ಉತ್ತರ ಹೇಳಿದ್ದೆ, ಮೂರಕ್ಕೆ ಸೋತಿದ್ದೆ.

ಪಕ್ಕದ ಸೀಟಿನಲ್ಲಿದ್ದ ಭಾವ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಬೆಳಗಿನ ಪ್ರಾರ್ಥನೆಗೆ ಮೊದಲು ಶಾಲೆಯ ಕರಿಹಲಗೆಯ ಮೇಲೆ ‘ದಿನಕ್ಕೊಂದು ಪ್ರಶ್ನೆ’ ಬರೆಯುವುದು ಅವರ ಬಹುಕಾಲದ ವ್ರತ. ಈ ಜನವರಿಗೆ ಅವರು ಆರಿಸಿಕೊಂಡ ವಿಷಯ ರಾಜಕೀಯ ಹತ್ಯೆಗಳು. ಮಕ್ಕಳಿಗೆ ಬಹಳ ಹಿಡಿಸಿತಂತೆ, ಮುಖ್ಯೋಪಾಧ್ಯಾಯರಿಗೆ ಅಷ್ಟಾಗಿ ಹಿಡಿಸಲಿಲ್ಲವಂತೆ. ಎರಡು ದಿನ ರಜೆ ಹಾಕಿ ಮಡಿಕೇರಿಗೆ ಹೊರಟಾಗಲೂ ಪ್ರಶ್ನೆಗಳ ನೋಟ್‌ಬುಕ್ ಅವರ ಮಡಿಲಲ್ಲೇ ಇತ್ತು.

“ಹತ್ಯೆಯಾದ ಏಕೈಕ ಬ್ರಿಟಿಷ್ ಪ್ರಧಾನಿ?”

“ಗೊತ್ತಿಲ್ಲ ಭಾವ.”

“ಸ್ಪೆನ್ಸರ್ ಪರ್ಸೆವಲ್. 1812ರ ಮೇ 11, ಸಂಸತ್ತಿನ ಮೊಗಸಾಲೆಯಲ್ಲೇ ಗುಂಡು. ಹೋಗಲಿ, ಹತ್ಯೆಯಾದ ಏಕೈಕ ವೈಸರಾಯ್?”

ಇದು ಗೊತ್ತಿತ್ತು. ಲಾರ್ಡ್ ಮೇಯೊ, ಅಂಡಮಾನಿನಲ್ಲಿ, 1872. ಚಾಕು ಹಾಕಿದವನು ಅಲ್ಲಿನ ಕೈದಿ ಶೇರ್ ಅಲಿ. ಭಾವ ಅರ್ಧ ಅಂಕ ಕೊಟ್ಟರು. ಫೆಬ್ರವರಿ 8 ಎಂದು ನಾನು ಹೇಳಲಿಲ್ಲವಲ್ಲ!

ಕುಶಾಲನಗರದಲ್ಲಿ ಕಾವೇರಿ ದಾಟಿದ ಮೇಲೆ ಗಾಳಿ ಬದಲಾಯಿತು. ರೋಬಸ್ಟಾ ಕೊಯ್ಲಿನ ಕಾಲ. ತೋಟದ ಮನೆಗಳ ಕಣದಲ್ಲಿ ಕಾಫಿ ಹಣ್ಣು ಹರಡಿದ್ದರು. ಕೆಂಪು ಇದ್ದದ್ದು ಒಣಗುತ್ತಾ ಕಪ್ಪಿಗೆ ತಿರುಗುತ್ತಿತ್ತು, ಹುಳಿಗಟ್ಟಿದ ಸಿಹಿ ವಾಸನೆ ಕಾರಿನೊಳಗೂ ಬಂತು. ಸುಂಟಿಕೊಪ್ಪದಲ್ಲಿ ಚಹಾ ಕುಡಿಯುವಾಗ ಕೊಡಗಿನ ಗೌರಮ್ಮನ ನೆನಪಾಯಿತು. 1934ರಲ್ಲಿ ಹರಿಜನ ಪ್ರವಾಸದ ನಡುವೆ ಗಾಂಧೀಜಿ ಕೊಡಗಿಗೆ ಬಂದಿದ್ದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕುಳಿತು ಅವರನ್ನು ಕರೆಸಿಕೊಂಡ ಕಥೆಗಾರ್ತಿ ಅವರು. ಗಾಂಧೀಜಿ ಬಂದರು, ಗೌರಮ್ಮ ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟರು. “ಇದರಲ್ಲಿ ಕೊಲೆ ಇಲ್ಲ” ಎಂದು ಭಾವ ಬರೆದುಕೊಳ್ಳಲಿಲ್ಲ.

ಹೋಂಸ್ಟೇ ಹುಡುಕುವಾಗ ಮೊಬೈಲಿನ ನಕ್ಷೆ ನಂಬಿ ಯಾರದೋ ತೋಟದ ದಾರಿಗೆ ಇಳಿದೆ. ಎದುರಿಗೆ ಗೇಟು, ಪಕ್ಕದಲ್ಲಿ ಚರಂಡಿ, ಹಿಂದೆ ಏರು. ಭಾವ ಖುಷಿಯಾದರು. “ಸಾರಾಜೆವೊ! 1914ರ ಜೂನ್ 28. ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನೆಂಡನ ಚಾಲಕನೂ ಹೀಗೆಯೇ ತಪ್ಪು ರಸ್ತೆಗೆ ತಿರುಗಿಸಿದ. ಹಿಂದಕ್ಕೆ ತೆಗೆಯಲು ಕಾರು ನಿಲ್ಲಿಸಿದ್ದು ಪಿಸ್ತೂಲು ಹಿಡಿದು ನಿಂತಿದ್ದ ಪ್ರಿನ್ಸಿಪನ ಎದುರಿಗೇ!” ನಮ್ಮ ಎದುರಿಗೆ ನಿಂತದ್ದು ಒಂದು ನಾಯಿ. ಅದಕ್ಕೆ ನಮ್ಮಲ್ಲಿ ಆಸಕ್ತಿ ಇರಲಿಲ್ಲ.

ಮಧ್ಯಾಹ್ನ ಓಂಕಾರೇಶ್ವರ ದೇವಸ್ಥಾನ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಮೊದಲ ಸಲ ನೋಡುವವರು ಮಸೀದಿಯೆಂದೇ ತಿಳಿಯಬೇಕು. ಎದುರಿನ ಕೊಳದಲ್ಲಿ ಮೀನುಗಳು ಮಂಡಕ್ಕಿಗಾಗಿ ಮೆಟ್ಟಿಲವರೆಗೆ ನುಗ್ಗಿ ಬರುತ್ತಿದ್ದವು. 1820ರಲ್ಲಿ ಇದನ್ನು ಕಟ್ಟಿಸಿದವನು ಹಾಲೇರಿ ವಂಶದ ಲಿಂಗರಾಜೇಂದ್ರ. ರಾಜ್ಯದಾಸೆಗೆ ಒಬ್ಬ ಸಾಧು ಬ್ರಾಹ್ಮಣನನ್ನು ಕೊಲ್ಲಿಸಿದನಂತೆ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದನಂತೆ, ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠಾಪಿಸಿದ ಮೇಲೆ ಕಾಟ ನಿಂತಿತಂತೆ. ಊರಿನವರು ಇಂದಿಗೂ ಹೇಳುವ ಕಥೆ ಇದು.

ಭಾವ ಪೆನ್ನು ತೆಗೆದರು. “ಕೊಲೆಯಾದವನ ಹೆಸರು?”

ಯಾರೂ ಹೇಳಲಿಲ್ಲ. ಕಿಟಕಿಯ ಪಂಚಲೋಹದ ಸರಳುಗಳ ನಡುವೆ ಮಾತ್ರ ‘ಲಿಂ’ ಎಂಬ ಅಕ್ಷರವಿದೆ, ಅರಸನ ಹೆಸರಿನದು. ನಾನು ಅದರ ಮೇಲೆ ಬೆರಳಾಡಿಸಿದೆ. ತಣ್ಣಗಿತ್ತು, ಅಂಚು ಸವೆದು ನುಣುಪಾಗಿತ್ತು. ಭಾವ ಪ್ರಶ್ನೆ ಬರೆದು ಉತ್ತರದ ಜಾಗ ಖಾಲಿ ಬಿಟ್ಟರು. ಅವರ ನೋಟ್‌ಬುಕ್ಕಿನಲ್ಲಿ ಖಾಲಿ ಜಾಗ ನಾನು ಕಂಡದ್ದು ಅದೇ ಮೊದಲು.

ಗದ್ದುಗೆಗೆ ಹೋದಾಗ ಬಿಸಿಲು ಇಳಿದಿತ್ತು. ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಇಲ್ಲಿ ಗುಮ್ಮಟಗಳ ಕೆಳಗೆ ಮಲಗಿದ್ದಾರೆ. ಕೊನೆಯ ಅರಸ ಚಿಕವೀರರಾಜೇಂದ್ರನಿಗೆ ಇಲ್ಲಿ ಜಾಗ ಸಿಗಲಿಲ್ಲ. ಅವನು ಸತ್ತದ್ದು 1859ರಲ್ಲಿ, ಲಂಡನ್ನಿನಲ್ಲಿ. ಸಿಂಹಾಸನಕ್ಕೆ ಎದುರಾದಾರೆಂಬ ಭಯಕ್ಕೆ ರಕ್ತಸಂಬಂಧಿಗಳನ್ನೇ ಮುಗಿಸಿದ ಎಂಬ ಅಪವಾದ ಅವನ ಮೇಲಿದೆ. ಸ್ವಂತ ತಂಗಿ ದೇವಮ್ಮಾಜಿ ಗಂಡ ಚೆನ್ನಬಸವಪ್ಪನೊಂದಿಗೆ ಮೈಸೂರಿಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಪಡೆದಳು. ಭಯ ಸುಳ್ಳಿರಲಾರದು. ಆದರೆ ಆ ಕ್ರೌರ್ಯದ ಪಟ್ಟಿಯನ್ನು ಹೆಚ್ಚು ಆಸ್ಥೆಯಿಂದ ಬರೆದಿಟ್ಟವರು 1834ರ ಏಪ್ರಿಲ್‌ನಲ್ಲಿ ರಾಜ್ಯವನ್ನು ಕಿತ್ತುಕೊಂಡ ಕಂಪನಿಯವರು. ಅವರ ಲೆಕ್ಕವನ್ನು ನಾನು ಅರ್ಧ ಅಂಕಕ್ಕಿಂತ ಹೆಚ್ಚು ನಂಬುವುದಿಲ್ಲ.

ರಾತ್ರಿ ಊಟಕ್ಕೆ ಕಡಂಬಟ್ಟು, ಪಂದಿ ಕರಿ. ಕಾಚಂಪುಳಿಯ ಹುಳಿ ನಾಲಿಗೆಗೆ ಹತ್ತುವ ಹೊತ್ತಿಗೆ ಸರಿಯಾಗಿ ಭಾವ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಗಾಯಕ್ಕೆ ಕೈಹಾಕಿದರು. 1881ರ ಜುಲೈ 2ರಂದು ಗುಂಡು ತಗುಲಿತು. ಸತ್ತದ್ದು ಸೆಪ್ಟೆಂಬರ್ 19ರಂದು. ನಡುವಿನ 79 ದಿನ ವೈದ್ಯರು ತೊಳೆಯದ ಬೆರಳುಗಳಿಂದ ಗುಂಡು ಹುಡುಕಿ ಕೀವು ತುಂಬಿಸಿದರು. ಟೆಲಿಫೋನಿನ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಯಂತ್ರ ತಂದರೆ, ಅದಕ್ಕೆ ಹಾಸಿಗೆಯೊಳಗಿನ ಸ್ಪ್ರಿಂಗುಗಳೇ ತೊಡಕಾದವು. ನಾನು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದೆ.

ಎಲ್ಲವನ್ನೂ ಕೇಳಿಸಿಕೊಂಡ ಮನೆಯ ಯಜಮಾನರು, ಎಂಬತ್ತರ ಹತ್ತಿರದವರು, ಬಡಿಸುತ್ತಾ ಹೇಳಿದರು: “ನಾಳೆ ಜನವರಿ ಮೂವತ್ತು. ಗಾಂಧಿ ಮಂಟಪಕ್ಕೆ ಹೋಗಿ ಬನ್ನಿ. ಖಜಾನೆಯಿಂದ ಚಿತಾಭಸ್ಮ ತರುತ್ತಾರೆ.”

“ಯಾರದು?” ಎಂದರು ಭಾವ.

ಯಜಮಾನರು ಸೌಟು ಹಿಡಿದು ಹಾಗೆಯೇ ನಿಂತರು. “ಗಾಂಧೀಜಿಯದು, ಮೇಷ್ಟ್ರೇ.”

ಮರುದಿನ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಮಡಿಕೇರಿಯ ಜಿಲ್ಲಾ ಖಜಾನೆಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲು ಇದೆ. ಹುತಾತ್ಮ ದಿನದಂದು ಅದು ಹೊರಗೆ ಬರುತ್ತದೆ, ಮಂಟಪದಲ್ಲಿ ಹೂವು ಹಾಕಿ ನಮಿಸುತ್ತಾರೆ, ಮತ್ತೆ ಖಜಾನೆ ಸೇರುತ್ತದೆ. ಕಲಶ ನಾನೆಣಿಸಿದ್ದಕ್ಕಿಂತ ಚಿಕ್ಕದು. ಹೂವಿನ ನಡುವೆ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಸ್ವೆಟರ್ ತೊಟ್ಟ ಹುಡುಗಿಯೊಬ್ಬಳು ಶೂ ಲೇಸು ಬಿಚ್ಚಿಕೊಂಡದ್ದನ್ನು ಕಟ್ಟಲೋ ಬೇಡವೋ ಎಂದು ಮೌನದುದ್ದಕ್ಕೂ ಕಾಲು ನೋಡಿಕೊಳ್ಳುತ್ತಿದ್ದಳು.

1948ರ ಅಂದು ಸಂಜೆ 5 ಗಂಟೆ 17 ನಿಮಿಷ. ಪಟೇಲರೊಂದಿಗಿನ ಮಾತು ಬೆಳೆದು ಗಾಂಧೀಜಿ ಪ್ರಾರ್ಥನೆಗೆ ತಡವಾಗಿ ಹೊರಟಿದ್ದರು. ಇದೆಲ್ಲ ಭಾವನಿಗೆ ಕಂಠಪಾಠ. ಆದರೆ ಅವರು ಒಂದನ್ನೂ ಕೇಳಲಿಲ್ಲ. ನೋಟ್‌ಬುಕ್ ಕಾರಿನಲ್ಲೇ ಉಳಿದಿತ್ತು.

ಸಂಜೆ ಮರಳುವಾಗ ಪಿರಿಯಾಪಟ್ಟಣದ ಹತ್ತಿರ ಒಳಗಿನ ದೀಪ ಹಾಕಿಕೊಂಡು ಬರೆಯತೊಡಗಿದರು. ಓದಿ ಹೇಳಿದರು: “ವರ್ಷಕ್ಕೊಮ್ಮೆ ಗಾಂಧೀಜಿಯ ಚಿತಾಭಸ್ಮ ಕರ್ನಾಟಕದ ಯಾವ ಊರಿನ ಖಜಾನೆಯಿಂದ ಹೊರಬರುತ್ತದೆ?” ತುಸು ತಡೆದು, “ತೀರಾ ಸುಲಭವಾಯಿತೋ?” ಎಂದರು.

“ನಿಮಗೆ ನಿನ್ನೆ ಗೊತ್ತಿತ್ತೇ, ಭಾವ?”

ಅವರು ದೀಪ ಆರಿಸಿದರು.