ಕಡಲೆಬೇರಿನ ಗಂಟಿನಲ್ಲಿ ಕಂಡದ್ದು

ಗದಗಿನ ನಮ್ಮ ಪಿಯು ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ಪಾಠ ಆಕಾರದಿಂದಲೇ ಶುರುವಾಗುತ್ತದೆ. ಗುಂಡಗಿದ್ದರೆ ಕಾಕಸ್, ಕಡ್ಡಿಯಂತಿದ್ದರೆ ಬ್ಯಾಸಿಲಸ್, ಬಾಗಿದ್ದರೆ ವಿಬ್ರಿಯೊ, ಸುರುಳಿಯಾಗಿದ್ದರೆ ಸ್ಪಿರಿಲಮ್. 1872ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಫರ್ಡಿನಂಡ್ ಕೋನ್ ಹಾಕಿಕೊಟ್ಟ ದಾರಿ ಅದು. ಮಕ್ಕಳು ನಾಲ್ಕು ಚಿತ್ರ ಬರೆದು ಅಂಕ ಪಡೆಯುತ್ತಾರೆ. ಆದರೆ ಕಣ್ಣಿಗೆ ಕಂಡ ರೂಪವೇ ಜೀವಿಯ ಕುಲವನ್ನು ಹೇಳಿಬಿಡುತ್ತದೆ ಎಂದು ನಂಬಿಕೊಂಡು ಅವರು ಕಾಲೇಜು ಬಿಡುವುದು ನನಗೆ ಸರಿಬರುವುದಿಲ್ಲ.

ಹಾಗಾಗಿ ಡಿಸೆಂಬರಿನಲ್ಲಿ ಕಡಲೆ ಹೂ ಬಿಟ್ಟಾಗ, ಕೋಟುಮಚಗಿಯಿಂದ ಬರುವ ಒಬ್ಬ ಹುಡುಗನಿಗೆ ಹೇಳಿ ಅವರ ಹೊಲದ ಗಿಡಗಳನ್ನು ಮಣ್ಣಿನ ಹೆಂಟೆಯ ಸಮೇತ ತರಿಸಿದೆ. ಎರೆಮಣ್ಣು ಬೇರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಕೆಟ್ ನೀರಿನಲ್ಲಿ ನೆನೆಸಿ, ಬೆರಳಿನಿಂದ ಸಾವಕಾಶವಾಗಿ ತೊಳೆದ ಮೇಲೆ ಬ್ಯಾಕ್ಟೀರಿಯಾಗಳು ಮನೆಮಾಡಿಕೊಂಡ ಬೇರಿನ ಗಂಟುಗಳು ಕಂಡವು. ಒಂದನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕವೂ ಬೇಕು. ಈ ಕೆಂಪು ಪ್ರೋಟೀನ್ ಅದನ್ನು ಹಿಡಿದಿಟ್ಟು, ಅಳೆದು ಕೊಡುತ್ತದೆ. ಬೇಸಾಯದ ಮನೆಗಳ ಮಕ್ಕಳೇ ಆದರೂ ಹೆಚ್ಚಿನವರು ಗಂಟಿನ ಒಳಗನ್ನು ನೋಡಿದ್ದು ಅಂದೇ ಮೊದಲು.

ಒಂದು ಸ್ಲೈಡಿನಲ್ಲಿ ಗಂಟಿನ ರಸ, ಇನ್ನೊಂದರಲ್ಲಿ ನೀರು ಬೆರೆಸಿದ ಮೊಸರು ಸವರಿ ಗ್ರಾಂ ವಿಧಾನದಲ್ಲಿ ಬಣ್ಣ ಹಾಕಿದೆವು. ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೋಹಾಲಿನ ತೊಳೆತ, ಕೊನೆಗೆ ಸ್ಯಾಫ್ರನಿನ್. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿ ಇದನ್ನು ಕಂಡುಕೊಂಡದ್ದು ವರ್ಗೀಕರಣಕ್ಕಾಗಿ ಅಲ್ಲ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ರೋಗಾಣುಗಳು ಎದ್ದು ಕಾಣಲೆಂದು. ಪೆಪ್ಟಿಡೋಗ್ಲೈಕಾನ್ ಎಂಬ, ಸಕ್ಕರೆ ಮತ್ತು ಅಮೈನೋ ಆಮ್ಲಗಳ ಬಲೆಯಂಥ ವಸ್ತುವಿನ ದಪ್ಪ ಗೋಡೆಯುಳ್ಳವು ನೇರಳೆ ಬಣ್ಣವನ್ನು ಬಿಡುವುದಿಲ್ಲ. ತೆಳು ಗೋಡೆಯ ಮೇಲೆ ಇನ್ನೊಂದು ಹೊರಪೊರೆ ಹೊದ್ದವು ಅದನ್ನು ಬಿಟ್ಟು, ಗುಲಾಬಿ ಬಣ್ಣ ಹಿಡಿಯುತ್ತವೆ.

ಎಣ್ಣೆ ಹಾಕಿ ಸಾವಿರ ಪಟ್ಟು ಹಿಗ್ಗಿಸಿ ನೋಡಿದಾಗ ಮೊಸರಿನವು ಪಠ್ಯದ ಚಿತ್ರಕ್ಕೆ ಹೊಂದಿಕೊಂಡವು: ನೇರಳೆ ಕಡ್ಡಿಗಳು, ಸರದಂತೆ ಪೋಣಿಸಿಕೊಂಡ ನೇರಳೆ ಗುಂಡುಗಳು. ಗಂಟಿನವು ಗುಲಾಬಿ. ಆದರೆ ಆಕಾರ?

“ಮೇಡಂ, ಇದು ಕಡ್ಡಿಯೂ ಅಲ್ಲ, ಗುಂಡೂ ಅಲ್ಲ. ಯಾವುದೆಂದು ಬರೆಯಲಿ?” ಎಂದ ಕೋಟುಮಚಗಿಯ ಹುಡುಗ.

“ಕಂಡದ್ದನ್ನೇ ಬರೆಯಪ್ಪ ತಮ್ಮಾ” ಎಂದೆ. ನಾನು ಕಾಯುತ್ತಿದ್ದ ಪ್ರಶ್ನೆಯೇ ಅದು. ಮಣ್ಣಿನಲ್ಲಿದ್ದಾಗ ಚೊಕ್ಕ ಕಡ್ಡಿಯಾಗಿರುವ ಈ ಬ್ಯಾಕ್ಟೀರಿಯಾ ಗಂಟಿನೊಳಗೆ ಉಬ್ಬಿ ರೂಪ ಬದಲಿಸಿಕೊಳ್ಳುತ್ತದೆ. ಜೀವಿ ಅದೇ, ಆಕಾರ ಬೇರೆ. ಅವನ ಅಪ್ಪ ಬೆಲ್ಲದ ನೀರು ಚಿಮುಕಿಸಿ ಬೀಜಕ್ಕೆ ಸವರಿದ, ಇದೇ ಬ್ಯಾಕ್ಟೀರಿಯಾ ಇರುವ ಪುಡಿಯನ್ನು ಊರವರೆಲ್ಲ ರೈಜೋಬಿಯಂ ಎನ್ನುತ್ತಾರೆ. ಕಡಲೆಯ ಜೊತೆಗಾರನಿಗೆ 1994ರಲ್ಲಿ ಇಟ್ಟ ಹೆಸರೂ ರೈಜೋಬಿಯಂ ಸಿಸೆರಿ ಎಂದೇ ಇತ್ತು. 1997ರಲ್ಲಿ ಅದನ್ನು ಮೀಸೋರೈಜೋಬಿಯಂ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಅದಕ್ಕೆ ಮುಖ್ಯ ಆಧಾರವಾದದ್ದು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯಲ್ಲಿನ ಅಕ್ಷರಗಳ ಸಾಲು.

ಅದೇ ಸಾಲನ್ನು ಹೋಲಿಸಿ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇನ್ನೂ ದೊಡ್ಡದೊಂದನ್ನು ತೋರಿಸಿದರು. ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳನ್ನು ಅಲ್ಲಿಯವರೆಗೆ ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದರು. ಗಾತ್ರ ಅದೇ, ಗುಂಡು ಕಡ್ಡಿಗಳೂ ಅವೇ, ನ್ಯೂಕ್ಲಿಯಸ್ ಕೂಡ ಇಲ್ಲ. ಆದರೂ ಅವು ಬ್ಯಾಕ್ಟೀರಿಯಾಗಳಲ್ಲ. ಆರ್ಕಿಯಾ ಎಂಬ ಬೇರೆಯೇ ವಂಶ. ಅವುಗಳ ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಇಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಗಿಡ, ಪ್ರಾಣಿ, ಅಣಬೆಗಳ ನಡುವಿನ ಅಂತರಕ್ಕಿಂತ ದೊಡ್ಡ ಅಂತರವೊಂದು ಒಂದೇ ಹನಿಯಲ್ಲಿ ಅಡಗಿರಬಲ್ಲದು!

“ಹಾಗಾದರೆ ನಮ್ಮ ಮನೆಯ ಗೋಬರ್ ಗ್ಯಾಸ್?” ಎಂದಳು ಹಿಂದಿನ ಬೆಂಚಿನ ಹುಡುಗಿ.

ಅಲ್ಲಿ ಎರಡೂ ಇವೆ. ಬ್ಯಾಕ್ಟೀರಿಯಾಗಳು ಸಗಣಿಯನ್ನು ಒಡೆದು ಆಮ್ಲ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮಾಡಿಕೊಡುತ್ತವೆ. ಅವುಗಳಿಂದ ಒಲೆಗೆ ಬರುವ ಮೀಥೇನ್ ತಯಾರಿಸುವುದು ಆರ್ಕಿಯಾ. ಎರಡನ್ನೂ ಬೇರೆಬೇರೆ ತೋರಿಸಿ ಎಂದು ಅವಳು ಪಟ್ಟು ಹಿಡಿದಳು. ನಮ್ಮ ಸೂಕ್ಷ್ಮದರ್ಶಕದಲ್ಲಿ ಅದು ಆಗದು. ಮೀಥೇನ್ ಮಾಡುವವುಗಳಲ್ಲಿ ಎಫ್420 ಎಂಬ ಸಹಕಿಣ್ವವಿದೆ. ತಕ್ಕ ಬೆಳಕು ಬಿಟ್ಟರೆ ಅವು ನೀಲಿ-ಹಸಿರಾಗಿ ಹೊಳೆಯುತ್ತವೆ. ಅದಕ್ಕೆ ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕ ಬೇಕು. ಅಂದು ಸಂಜೆಯೇ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿಗೆ ಫೋನ್ ಮಾಡಿ, ಮಕ್ಕಳನ್ನು ಕರೆತಂದರೆ ತೋರಿಸುತ್ತೀಯಾ ಎಂದು ಕೇಳಿದೆ. ಬಗ್ಗಡವನ್ನು ಗಾಳಿಯಾಡದ ಬಾಟಲಿಯಲ್ಲಿ ತುಂಬಿ ತಾ, ಅದೇ ದಿನ ನೋಡೋಣ ಎಂದಳು.